ಬೇರೆಯವರ ತಾಡಪಾಲು

ಚಿತ್ರದುರ್ಗದ ಕೋಟೆ ಮಗ್ಗುಲಿನ ಓಣಿಯಲ್ಲಿ ಖಾತುನ್ ಬೀಯ ಮನೆ ಯಾವುದೆಂದು ಕೇಳಿದರೆ, "ಮೇಣದ ವಾಸನೆ ಹಿಡ್ಕಂಡು ಹೋಗ್ರಿ" ಅನ್ನುತ್ತಾರೆ. ಲಾರಿಗೆ ಹೊದಿಸುವ, ಕಣಕ್ಕೆ ಹಾಸುವ, ಸಂತೆಯ ಅಂಗಡಿಗೆ ಕಟ್ಟುವ ತಾಡಪಾಲುಗಳೆಲ್ಲ ಹರಿದ ಮೇಲೆ ಬಂದು ಬೀಳುವುದು ಅಲ್ಲಿಗೇ. ಗಂಡ ಹಜರತ್ ಅಲಿ ಇದ್ದಾಗ ಅವರು ಹೊಲಿಯುತ್ತಿದ್ದರು, ಈಕೆ ದಾರಕ್ಕೆ ಮೇಣ ಉಜ್ಜಿ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ದಬ್ಬಳ ಈಕೆಯ ಕೈಗೆ ಬಂತು. ಹೆಂಗಸು ಹೊಲಿದದ್ದು ಗಾಳಿಗೆ ನಿಲ್ಲುತ್ತದೆಯೇ ಎಂದು ಮೊದಮೊದಲು ಮೂಗು ಮುರಿದವರೂ ಆಮೇಲೆ ಸುಮ್ಮನೆ ತಂದು ಹಾಕಿ ಹೋಗತೊಡಗಿದರು.

ಮನೆಯ ಮುಂಭಾಗದಲ್ಲಿ ಮಗ ಫೈಜಾನ್ ಕಟ್ಟಿಸಿಕೊಟ್ಟ ಆರ್‌ಸಿಸಿ ಅಂಗಡಿ. ಹಿಂದೆ ಹಳೇ ಹೆಂಚಿನ ಎರಡು ಕೋಣೆ. ಅಂಗಡಿಯೊಳಗೆ ತಾಡಪಾಲುಗಳ ರಾಶಿ ಸೂರು ಮುಟ್ಟುವುದರಿಂದ ಖಾತುನ್ ಬೀ ಕೂತು ಹೊಲಿಯುವುದು ಹೊರಗೆ ಜಗುಲಿಯ ಮೇಲೆ.

ಫೈಜಾನನ ಹೆಂಡತಿ ಸಿಮ್ರಾನ್ ಬೆಂಗಳೂರಿನಲ್ಲಿ ಓದಿ ಬೆಳೆದವಳು. ಏಳು ತಿಂಗಳ ಮಗು ಮದೀಹಾ ಕಫ ಕಟ್ಟಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ತಂಡಿ ತಾಗಿಸಬೇಡಿ, ಮತ್ತೆ ಕಟ್ಟಿಕೊಂಡರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಅಷ್ಟರಲ್ಲಿ ಕೋಟೆಯ ಕೋತಿಗಳು ಒಂದನ್ನೊಂದು ಅಟ್ಟಿಸಿಕೊಂಡು ಬಂದು ಎರಡು ಕೋಣೆಯ ಹೆಂಚನ್ನೂ ಪುಡಿಮಾಡಿ ಹೋದವು. ಅದರ ಬೆನ್ನಿಗೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ. ಸಂಜೆಯಿಂದ ಎರಡು ದಿನ ಜೋರು ಗಾಳಿ, ಮಳೆ ಎಂದು ಫೋನು ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಹೆಂಚು ಹಾಕುವವನು ಸಿಗಲಿಲ್ಲ. ಪೇಟೆಯಲ್ಲಿ ಹೊಸ ತಾಡಪಾಲು ಬೆಳಿಗ್ಗೆಯೇ ಖಾಲಿ. ಹಿರಿಯೂರಿನ ಗ್ಯಾರೇಜಿನಲ್ಲಿದ್ದ ಫೈಜಾನ್ ಅಲ್ಲಿಯೂ ಇಲ್ಲವೆಂದ. ತಾನು ಬರುವುದೂ ನಾಳೆಯೇ ಎಂದ. ತವರಿಗೆ ಹೋಗೋಣವೆಂದರೆ ಈ ಗಾಳಿಯಲ್ಲಿ ಮಗುವನ್ನು ಬಸ್ಸಿಗೆ ಹತ್ತಿಸುವುದು ಹೇಗೆ?

"ಅಮ್ಮಿ, ಆ ನೀಲಿ ತಾಡಪಾಲು ಹೋದ ಮಳೆಗಾಲದಿಂದ ಬಿದ್ದಿದೆ. ಅದನ್ನ ಹೆಂಚಿನ ಮೇಲೆ ಹೊದಿಸೋಣ" ಅಂದಳು ಸಿಮ್ರಾನ್.

ಖಾತುನ್ ಬೀ ಹಲ್ಲಿನಿಂದ ದಾರ ಕಡಿದರು. "ಅದು ಹೊಳಲ್ಕೆರೆ ಕಡೆ ಮಾರಪ್ಪಂದು."

"ಬೇಕಾಗಿದ್ದರೆ ಇಷ್ಟೊತ್ತಿಗೆ ತಗೊಂಡು ಹೋಗ್ತಿದ್ದರು."

"ಒಯ್ದಿಲ್ಲ ಅಂದ್ರೆ ಬ್ಯಾಡ ಅಂತಲ್ಲ ಬೇಟಿ. ನಂಬಿ ಇಟ್ಟವ್ರೆ. ಅಮಾನತ್ ಅದು."

ನಂಬಿ ಒಪ್ಪಿಸಿದ ವಸ್ತುವನ್ನು ಮುಟ್ಟಬಾರದು ಎಂಬುದನ್ನು ಸಿಮ್ರಾನಳೂ ಚಿಕ್ಕಂದಿನಿಂದ ಕೇಳಿದ್ದಳು. ಆದರೆ ಆಗ ಅವಳಿಗೆ ಮಗು ಇರಲಿಲ್ಲ.

"ಅಮಾನತ್ ನೆನೀಬಾರದು, ಮಗು ನೆನೀಬಹುದಾ?"

ಖಾತುನ್ ಬೀ ದಾರಕ್ಕೆ ಮೇಣ ಉಜ್ಜಿದರು. "ನಿಮ್ಮ ಮಾವ ಒಂದ್ಸಲ ಜೋಗಿಮಟ್ಟಿ ಕಡೆಯಿಂದ ಸೈಕಲ್ಲಿನ ಮ್ಯಾಲೆ ತಾಡಪಾಲು ತರ್ತಾ ಮಳೆಗೆ ಸಿಕ್ಕಂಡ್ರು. ಮನೆಗೆ ಬಂದಾಗ ಮೈಯೆಲ್ಲ ತೊಪ್ಪೆ. ತಾಡಪಾಲು ಮಾತ್ರ ಮಡಚಿದ್ದು ಮಡಚಿದಂಗೇ. ಓಣಿಯೋರು ನಕ್ಕಿದ್ದೇ ನಕ್ಕಿದ್ದು."

ಸಿಮ್ರಾನ್ ನಗಲಿಲ್ಲ. "ಜ್ವರ ಬರಲಿಲ್ವಾ ಅವರಿಗೆ?"

"ಬಂತು. ವಾರಗಟ್ಟಲೆ ಮಲಗಿದ್ರು." ಅದನ್ನು ಮುಚ್ಚಿಡುವ ಹೆಂಗಸಲ್ಲ ಆಕೆ. "ಮಾರಪ್ಪನ್ನೇ ಕೇಳು. ಅವನು ಹ್ಞೂಂ ಅಂದ್ರೆ ನಾನೇ ಏಣಿ ಹತ್ತಿ ಹೊದಿಸ್ತೀನಿ."

ತಾಡಪಾಲಿನ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರಿಗೆ ಸಿಮ್ರಾನ್ ಫೋನು ಮಾಡಿದಳು. ಖಾತುನ್ ಬೀಯ ಮನೆಯಿಂದ ಎನ್ನುತ್ತಲೇ ಆ ಕಡೆಯಿಂದ ಮಾತು ಸುರಿಯಿತು. "ಅಯ್ಯ, ಅದು ನಿಮ್ಮಲ್ಲೈತಾ ತಾಯಿ? ನಮ್ಮ ಭಾವ ಒಯ್ದೋನು ವಾಪಸ್ ಕೊಟ್ಟಿಲ್ಲ ಅಂತ ಅವನ ಮನೆ ಬಾಗ್ಲಿಗೆ ಹೋಗಿ ಜಗಳ ಆಡಿ ಬಂದೀನಲ್ಲ. ಮೆಕ್ಕೆಜೋಳ ಎಲ್ಲಾ ಕಣದಾಗೇ ಐತೆ. ಗಾಡಿ ಹತ್ತಿದೆ, ಬಂದೆ." ಫೋನು ಕಟ್ಟಾಯಿತು. ಅವಳು ಇನ್ನೂ ಏನನ್ನೂ ಕೇಳಿರಲೇ ಇಲ್ಲ.

"ಏನಂದ?"

"ಬರ್ತಾರಂತೆ. ಒಯ್ಯೋಕೆ."

"ಒಳ್ಳೇದಾತು. ಹಂಗೇ ಉಳಿದೋರಿಗೂ ಮಾಡು. ಆ ಅಂಕಿ ನಂಗೆ ಕಾಣಂಗಿಲ್ಲ."

ಆ ಮಾತು ಸಿಮ್ರಾನಳಿಗೆ ಚುಚ್ಚಿತು. ಮೊಮ್ಮಗಳ ತಲೆಯ ಮೇಲೆ ಸೂರಿಲ್ಲ, ಊರಿನವರ ಕಣ ಕಾಯಲು ಹೊರಟಿದ್ದಾರೆ ಎಂದುಕೊಳ್ಳುತ್ತ, ಮಗುವನ್ನು ಸೊಂಟಕ್ಕೇರಿಸಿ, ಸಿಟ್ಟಿನಿಂದಲೇ ಒಂದೊಂದು ನಂಬರು ಒತ್ತಿದಳು. ಒಬ್ಬರ ರಾಗಿ ಮೆದೆ ಬಯಲಲ್ಲಿತ್ತು. ಇನ್ನೊಬ್ಬರ ಈರುಳ್ಳಿ ಟ್ರಾಕ್ಟರಿನಲ್ಲಿತ್ತು. ಒಬ್ಬೊಬ್ಬರಾಗಿ ಬರತೊಡಗಿದರು. ಮಾರಪ್ಪ ಬಂದವನೇ ನೀಲಿ ತಾಡಪಾಲನ್ನು ಹೆಗಲಿಗೆ ಹಾಕಿಕೊಂಡು, ಭಾವನಿಗೆ ಹೇಗೆ ಮುಖ ತೋರಿಸಲಿ ಎಂದು ಗೊಣಗುತ್ತ ಹೋದ.

ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ಮಾರುವ ಕಾಳಕ್ಕ ಜಗುಲಿಗೆ ಕಾಲಿಡುತ್ತಲೇ ಶುರುಮಾಡಿದಳು. "ಏನ್ ಬೀಬಮ್ಮ, ನಿನ್ ಸೊಸೆ ರೇಡಿಯೋದೋರಂಗೆ ಮಾತಾಡ್ತಾಳೆ. 'ತಮ್ಮ ತಾಡಪಾಲು ಸಿದ್ಧವಾಗಿದೆ' ಅಂದ್ಲು. ತಾವು ಅಂದ್ರೆ ಯಾರಪ್ಪ ಅಂತ ಹಿಂದಕ್ಕೆ ತಿರುಗಿ ನೋಡ್ದೆ."

"ಇವತ್ತೊಂದಿನ ಮರ್ಯಾದೆ ಸಿಕ್ಕೈತೆ, ಇಟ್ಕಾ" ಅಂದರು ಖಾತುನ್ ಬೀ.

ಕೊನೆಗೆ ಉಳಿದಿದ್ದ ನಂಬರು ಮಂಗಳಾ ಎಂಬಾಕೆಯದು. ಅವಳ ತಾಡಪಾಲು ನಡುಮಧ್ಯೆ ಸೀಳಿತ್ತು; ಹೊಲಿಗೆ ಇನ್ನೂ ಬಿದ್ದಿರಲಿಲ್ಲ. ಸಿಮ್ರಾನ್ ಉಳಿದವರನ್ನು ಕೇಳಿದಂತೆಯೇ ಕೇಳಿದಳು: "ಕಣದಲ್ಲಿ ಏನಾದರೂ ಇದೆಯಾ?"

"ಕಣ ಎಲ್ಲೈತೆ ಅಕ್ಕ ನಮ್ಗೆ. ಇಟ್ಟಿಗೆ ಭಟ್ಟಿ ಕೆಲಸದೋರು. ಆ ತಾಡಪಾಲೇ ನಮ್ಮ ಗುಡಿಸಲಿನ ಸೂರು. ಈಗ ಗೊಬ್ಬರದ ಚೀಲ ಕಟ್ಕಂಡೀವಿ." ಅವಳ ಹಿಂದೆ ಎಳೆಗೂಸೊಂದು ಅಳುತ್ತಿತ್ತು. ಆ ಅಳುವಿನ ನಡುವೆ ಬಂದ ಕೆಮ್ಮನ್ನು ಸಿಮ್ರಾನ್ ಕಿವಿಗೊಟ್ಟು ಕೇಳಿದಳು. ಎದೆಯ ಆಳದಿಂದ ಬರುವ ಆ ಕೆಮ್ಮಿನ ಗುರುತು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೋನಿಟ್ಟು ಬಂದು ಅತ್ತೆಯ ಮಡಿಲಲ್ಲಿದ್ದ ಬೇರೆ ತಾಡಪಾಲನ್ನು ಪಕ್ಕಕ್ಕೆ ಸರಿಸಿ ಮಂಗಳಾಳದನ್ನು ಹಾಸಿದಳು. "ಮೊದಲು ಇದನ್ನ ಹೊಲೀರಿ ಅಮ್ಮಿ."

ಖಾತುನ್ ಬೀ ತಲೆಯೆತ್ತಿ ಅವಳ ಮುಖ ನೋಡಿ, ಸೀಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮದೀಹಾಳನ್ನು ಕಾಳಕ್ಕನ ಕೈಗೆ ಕೊಟ್ಟು, ಅತ್ತೆ ಒಂದು ತುದಿಯಿಂದ, ಸೊಸೆ ಇನ್ನೊಂದು ತುದಿಯಿಂದ ಹೊಲಿಯತೊಡಗಿದರು. ದಬ್ಬಳ ತೂರದೆ ಸಿಮ್ರಾನಳ ಅಂಗೈ ಕೆಂಪಾಯಿತು. ಹೊಲಿಗೆ ಸೊಟ್ಟಗಾದಾಗ ಖಾತುನ್ ಬೀ, "ಇರ್ಲಿ ಬಿಡು, ಸೊಟ್ಟಗಿದ್ರೂ ನೀರಿಗೆ ಗೊತ್ತಾಗಂಗಿಲ್ಲ, ಬಿಗಿಯಾಗಿ ಎಳಿ" ಅಂದರು.

ಮಂಗಳಾ ಗಂಡನ ಜೊತೆ ಬಂದು ತಾಡಪಾಲು ಒಯ್ದಾಗ ಹನಿ ಬೀಳುತ್ತಿತ್ತು. ಕಾಳಕ್ಕನೂ ಹೊರಟಳು. ಗಾಳಿಗೆ ಉಳಿದ ಹೆಂಚು ಕಟಕಟ ಅನ್ನತೊಡಗಿತು. ಸಿಮ್ರಾನ್ ಒಳಗೆ ಹೋಗಿ ನೋಡಿದಳು: ತೊಟ್ಟಿಲಿನ ಬಟ್ಟೆ ಆಗಲೇ ಒದ್ದೆ. ಇನ್ನೊಂದು ಕೋಣೆಯಲ್ಲೂ ನೀರು. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಲ್ಲಿಗೆಂದು ತಿಳಿಯದೆ ಹೊರಗೆ ಓಡಿಬಂದವಳು ಅಂಗಡಿಯ ಬಾಗಿಲಲ್ಲಿ ನಿಂತುಬಿಟ್ಟಳು.

ಅಂಗಡಿ ಖಾಲಿಯಾಗಿತ್ತು. ಮದುವೆಯಾಗಿ ಬಂದಂದಿನಿಂದ ಅದರ ನೆಲವನ್ನೇ ಅವಳು ಕಂಡಿರಲಿಲ್ಲ. ಮೇಲೆ ಗಟ್ಟಿ ಸೂರು, ಒಣಗಿದ ನಾಲ್ಕು ಗೋಡೆ, ಮೂಲೆಯಲ್ಲಿ ದಾರದ ಉಂಡೆ.

"ಅಮ್ಮಿ, ಇದು ನಿಮಗೆ ಮೊದಲೇ ಹೊಳೆದಿತ್ತಾ?"

ಖಾತುನ್ ಬೀಯೂ ಬಂದು ಇಣುಕಿದರು. "ಎಲ್ಲಿ ಹೊಳೀತು. ರಾತ್ರಿಯೆಲ್ಲ ಮಗೂನ ತೊಡೆ ಮ್ಯಾಲೆ ಹಾಕ್ಕಂಡು ಕೊಡೆ ಹಿಡ್ಕಂಡು ಕುಂದ್ರಾಣ ಅಂತಿದ್ದೆ." ಅಷ್ಟಂದು ಪೊರಕೆ ತರಲು ಹೋದರು.

ಕಸ ಗುಡಿಸಿ, ಚಾಪೆಯ ಮೇಲೆ ಕಂಬಳಿ ಹಾಸಿ, ಷಟರ್ ಅರ್ಧ ಇಳಿಸಿದರು. ಮದೀಹಾ ಹಾಲು ಕುಡಿದು ಮಲಗಿದಳು. ಸಿಮ್ರಾನ್ ಅವಳ ಎದೆಗೆ ಕಿವಿಯಿಟ್ಟು ಕೇಳಿದಳು, ಗೊರಗೊರ ಇರಲಿಲ್ಲ. ಮಳೆ ಈಗ ಓಣಿಯ ತುಂಬ ಬಡಿಯುತ್ತಿತ್ತು. ಮಲಗಿಕೋ ಎಂದು ಅತ್ತೆ ಹೇಳಿದರೂ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮಂಗಳಾಳ ತಾಡಪಾಲಿನಲ್ಲಿ ಅರ್ಧ ಸೀಳು ತಾನು ಹೊಲಿದದ್ದು. ಕೊನೆಗೆ ಫೋನು ತೆಗೆದು ಮಂಗಳಾಳಿಗೆ ಮಾಡಿದಳು.

"ನೀರು ಇಳೀತಾ ಇದೆಯಾ?"

"ಇನ್ನೂ ಇಲ್ಲಕ್ಕ" ಅಂದಳು ಮಂಗಳಾ ಪಿಸುದನಿಯಲ್ಲಿ. "ಕೂಸು ಈಗ ತಾನೇ ಮಲಗೈತೆ. ಮೆತ್ತಗೆ ಮಾತಾಡು."