ಪಿನ್ನು ಚುಚ್ಚಿದ ಚೀಟಿ

ನನ್ನ ಬಿಳಿ ಲ್ಯಾಬ್ ಕೋಟಿನಲ್ಲಿ, ಮೂರನೆಯ ಗುಂಡಿ ತೂರುವ ಕಾಜಾದ ಅಂಚಿಗೆ, ಸಾಸಿವೆ ಕಾಳಿನಷ್ಟು ಒಂದು ಕಂದು ಚುಕ್ಕೆ ಇತ್ತು. ಎರಡು ಸಲ ತೊಳೆದರೂ ಹೋಗಿರಲಿಲ್ಲ. ಹೊಲಿಗೆ ಯಂತ್ರದ ತುಕ್ಕು ಇರಬೇಕು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ, ಪ್ರಯೋಗಾಲಯದಲ್ಲಿ ಅದರ ಮೇಲೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ನೋಡಿದೆ. ತುಕ್ಕಾಗಿದ್ದರೆ ಸುಮ್ಮನಿರಬೇಕಿತ್ತು. ಚುಕ್ಕೆಯಿಂದ ಬಿಳಿ ನೊರೆ ಎದ್ದಿತು. ಅದು ರಕ್ತ.

ಆ ಕೋಟನ್ನು ಹೊಲಿದವರು ದೇವದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಕಾಕಾ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಸೂಜಿ ಹಿಡಿದವರು. ಅವರು ಗಿರಾಕಿಯ ಬಟ್ಟೆಗೆ ರಕ್ತ ತಾಗಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಪ್ಪಿತಪ್ಪಿ ಚುಚ್ಚಿಕೊಂಡರೆ ಮೊದಲು ಬಟ್ಟೆಯನ್ನು ದೂರ ಸರಿಸಿ, ಆಮೇಲೆ ಬೆರಳನ್ನು ನೋಡಿಕೊಳ್ಳುತ್ತಿದ್ದರು. ಈ ಸಲ ಬಟ್ಟೆ ಸರಿದಿರಲಿಲ್ಲ ಎಂದರೆ, ಸೂಜಿ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ ಎಂದು ಅರ್ಥ. ಆಗ ಅವರಿಗೆ ಪ್ರೊಸ್ಟೇಟ್ ಕ್ಯಾನ್ಸರಿಗೆ ಕಿಮೋ ನಡೆಯುತ್ತಿತ್ತು; ಆ ಔಷಧಿಯಿಂದ ಬೆರಳು ಜೋಮು ಹಿಡಿಯುವುದುಂಟು. ನಾಲ್ಕು ಸುತ್ತು ಮುಗಿದಿತ್ತು. ನಾಲ್ಕೂ ಸಲ ಡಾಕ್ಟರ ಎದುರು ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವಳು ನಾನೇ.

ಅವರ ಅಂಗಡಿ ಎಂದರೆ ನಮ್ಮ ಗೋಡೆಗೆ ಹೊಂದಿಕೊಂಡ ಒಂದೇ ಕೋಣೆ. ಬಾಗಿಲ ಬಳಿ ಯಂತ್ರ, ಹಿಂದೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ತಗಡಿನ ಡಬ್ಬಿಯ ತುಂಬ ಗುಂಡಿಗಳು. ಗಿರಾಕಿಯ ಜೊತೆ ಮಾತಾಡುತ್ತಲೇ ಕೈ ಡಬ್ಬಿಯೊಳಗೆ ಹೋಗುತ್ತಿತ್ತು. ಎರಡು ತೂತಿನ ಗುಂಡಿ ಬೇಕಿದ್ದರೆ ಅದನ್ನು, ನಾಲ್ಕು ತೂತಿನದು ಬೇಕಿದ್ದರೆ ಅದನ್ನು, ನೋಡದೆಯೇ ಹಿಡಿದು ಬರುತ್ತಿತ್ತು. ಚಿಕ್ಕಂದಿನಲ್ಲಿ ಮಾನ್ವಿಯ ಒಬ್ಬ ಉಸ್ತಾದರ ಬಳಿ ಕೆಲಸ ಕಲಿಯಲು ಹೋದಾಗ, ಮೊದಲ ವರ್ಷವೆಲ್ಲ ಬರೀ ಕಾಜಾ ಹೊಲಿಸಿದ್ದರಂತೆ. ಕಾಜಾವನ್ನು ಯಂತ್ರದಲ್ಲಿ ಮಾಡಿಸಿದ ಅಂಗಿಯನ್ನು ಕಾಕಾ ಅಂಗಿ ಎಂದು ಒಪ್ಪುತ್ತಿರಲಿಲ್ಲ.

ಇನ್ನೊಂದು ನಿಯಮವಿತ್ತು. ಹತ್ತು ವರ್ಷ ದಾಟಿದ ಹುಡುಗಿಯರ ಮೈಗೆ ಅವರು ಟೇಪು ಹಿಡಿಯುತ್ತಿರಲಿಲ್ಲ. ಮನೆಯಿಂದ ಅಳತೆಯ ಬಟ್ಟೆ ತರಬೇಕು. ಅದನ್ನು ಮೇಜಿನ ಮೇಲೆ ಹಾಸಿ ಅಳೆದು, ಚೀಟಿಯಲ್ಲಿ ಬರೆದು, ಅಂಕಿಗಳು ಕಾಣದಂತೆ ನಾಲ್ಕು ಮಡಿಕೆ ಮಾಡಿ ಹೊಸ ಬಟ್ಟೆಗೆ ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದರು. ಹೆಣ್ಣುಮಕ್ಕಳ ಅಳತೆ ಕಂಡಕಂಡವರು ಓದುವಂಥದ್ದಲ್ಲ ಎನ್ನುತ್ತಿದ್ದರು. ಪಿನ್ನಿನ ವಿಷಯದಲ್ಲಿ ಮಾತ್ರ ಮಹಾ ಜಿಪುಣ. ಬಟ್ಟೆ ಒಯ್ಯುವವರ ಬೆನ್ನ ಹಿಂದೆಯೇ ಅವರ ದನಿ ಬರುತ್ತಿತ್ತು: "ಪಿನ್ ಕೊಟ್ಟ್ ಹೋಗ್ರಿ."

ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ ನನ್ನ ಅಪ್ಪ ನಾನು ಏಳನೆಯ ತರಗತಿಯಲ್ಲಿದ್ದಾಗ ತೀರಿಕೊಂಡರು. ಆ ವರ್ಷದ ಯೂನಿಫಾರ್ಮನ್ನು ಕಾಕಾ ತಾವೇ ಹೊಲಿದು, ನಮ್ಮ ಹೊಸ್ತಿಲಲ್ಲಿ ಇಟ್ಟು ಹೋದರು. ಲಂಗದ ಅಂಚು ಎಷ್ಟು ದಪ್ಪವಿತ್ತೆಂದರೆ ನಡೆಯುವಾಗ ಮೊಣಕಾಲಿಗೆ ಬಡಿಯುತ್ತಿತ್ತು. ನಾನು ದೂರಿದ್ದಕ್ಕೆ ಅವರು, "ಒಳಗ ನಾಕ್ ಬೆರಳ ಬಟ್ಟಿ ಬಿಟ್ಟೀನಿ ಯವ್ವಾ. ನೀ ಬೆಳಿ," ಎಂದಿದ್ದರು. ಪ್ರತಿ ಜೂನಿನಲ್ಲೂ ಒಂದೊಂದು ಬೆರಳು ಬಿಚ್ಚಿದರು. ಆ ಒಂದು ಲಂಗದಲ್ಲಿ ನಾನು ಹತ್ತನೆಯ ತರಗತಿ ಮುಗಿಸಿದೆ. ಎಂ.ಎಸ್ಸಿ.ಗೆ ಹೊರಟಾಗ ಮೊದಲ ಲ್ಯಾಬ್ ಕೋಟು ಹೊಲಿದುಕೊಟ್ಟರು. ರಾಯಚೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿದ ಮೇಲೆ, ಕಿಮೋದ ನಡುವೆಯೇ, ಎರಡನೆಯದು. ಚುಕ್ಕೆ ಇದ್ದದ್ದು ಅದರಲ್ಲೇ.

ಕಾಯಿಲೆ ಎಲುಬಿಗೆ ಇಳಿದ ಮೇಲೆಯೇ ಗೊತ್ತಾಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಔಷಧಿ ಹಾಕಿಸಬೇಕು ಎಂದರು. ಹಿಂದಿನ ಸಂಜೆ ಕಾಕಾ ಮತ್ತು ಅವರ ಹೆಂಡತಿ, ನಾನು ಚಿಗವ್ವ ಎಂದು ಕರೆಯುವವರು, ದೇವದುರ್ಗದ ಬಸ್ಸಿಗೆ ಬಂದು ನನ್ನ ಬಾಡಿಗೆ ಮನೆಯಲ್ಲಿ ಉಳಿಯುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಚಿಗವ್ವನಿಗೆ ಓದಲು ಬರುವುದಿಲ್ಲ. ಕಾಗದಪತ್ರ ನೋಡುವ ಕೆಲಸ ನನ್ನದಾಯಿತು.

ನಾನು ಅದನ್ನು ನನ್ನ ರೀತಿಯಲ್ಲೇ ಮಾಡಿದೆ. ಗೆರೆ ಹಾಕಿದ ಒಂದು ನೋಟ್‌ಬುಕ್ಕು ತಂದೆ. ದಿನಾಂಕ, ಜ್ವರ, ಊಟ, ವಾಂತಿ, ಭೇದಿ, ಮೂತ್ರ, ಕೈಕಾಲು ಎಂದು ಕಾಲಂ ಮಾಡಿದೆ. ಎರಡನೆಯ ವಾರದಲ್ಲಿ ಬಿಳಿ ರಕ್ತಕಣ ಇಳಿಯುತ್ತದೆ, ನೂರು ಡಿಗ್ರಿ ದಾಟಿದರೆ ತಕ್ಷಣ ಫೋನ್ ಮಾಡಬೇಕು ಎಂದು ಚಿಗವ್ವನಿಗೆ ಡಿಜಿಟಲ್ ಥರ್ಮಾಮೀಟರಿನ ಅಂಕಿಗಳನ್ನು ಕಲಿಸಿದೆ. ಅವರು ಅಷ್ಟನ್ನು ಚೆನ್ನಾಗಿ ಮಾಡಿದರು. ಬಾಯಿ ಹುಣ್ಣಾದಾಗ ಉಪ್ಪುನೀರು, ಗಂಟಲಿಗೆ ಇಳಿಯುವಷ್ಟು ತೆಳುವಾಗಿ ಜೋಳದ ಗಂಜಿ, ಊದಿದ ಪಾದಕ್ಕೆ ಸಡಿಲ ಚಪ್ಪಲಿ. ನಾಲಿಗೆಗೆ ಎಲ್ಲವೂ ಕಬ್ಬಿಣದ ರುಚಿ ಎಂದು ಕಾಕಾ ಗೊಣಗಿದಾಗ ಗಂಜಿಗೆ ನಿಂಬೆಹಣ್ಣು ಹಿಂಡಿದರು. ಕೂದಲು ಉದುರಿದಾಗ ಎದುರಿನ ಕ್ಷೌರದ ಅಂಗಡಿಯವನು, ತನ್ನ ಗಿರಾಕಿ ತಪ್ಪಿತಲ್ಲ ಎಂದು ಚೇಷ್ಟೆ ಮಾಡಿದ. "ಹುಬ್ಬು ಇನ್ನಾ ಅದಾವ. ಅವನ್ನರ ಕತ್ತರಿಸು ಬಾ," ಎಂದು ಕಾಕಾ ಅವನನ್ನು ಕರೆದರಂತೆ. ಮೈ ಇಳಿಯುತ್ತ ಹೋದಾಗ ತಮ್ಮ ಅಂಗಿಗಳಿಗೆ ತಾವೇ ಸೀಮೆಸುಣ್ಣದ ಗುರುತು ಹಾಕಿ ಬಿಗಿ ಮಾಡಿಕೊಂಡರು. "ನಿಂದು ಬಿಚ್ಕೋತ ಬಂದೆ, ನಂದು ಹಿಡ್ಕೋತ ಹೊಂಟೀನಿ," ಎಂದರು ನನಗೆ.

ಇಷ್ಟೆಲ್ಲ ಮಾತಾಡುವ ಮನುಷ್ಯ ಡಾಕ್ಟರ ಎದುರು ಕುಳಿತ ಕೂಡಲೇ ಬದಲಾಗುತ್ತಿದ್ದರು. ಡಾಕ್ಟರು ನಮ್ಮ ಕಡೆಯವರೇ. "ಹೆಂಗದೀರ್ರಿ?" ಎಂದು ಕೇಳುವರು. ಕಾಕಾ ನೆಟ್ಟಗೆ ಕುಳಿತು, "ಆರಾಮ ಅದೀನ್ರೀ ಸಾಹೇಬ್ರ," ಎನ್ನುವರು. ಬಾಯಿಹುಣ್ಣಿನಿಂದ ಮಾತು ತೊದಲುತ್ತಿರುವಾಗಲೂ ಅದೇ. ಉಚ್ಚೆಯ ತೊಂದರೆ ಇದೆಯೇ ಎಂದರೆ ನನ್ನ ಕಡೆ ಒಮ್ಮೆ ನೋಡಿ, ಅದೇ. ನಾನು ಕಿಟಕಿ ನೋಡುತ್ತಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಮೂತ್ರದ ಕಾಲಂ ಮೊದಲ ದಿನದಿಂದ ಖಾಲಿ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಕೈಕಾಲು ಎಂಬ ಕಾಲಮ್ಮಿನಲ್ಲಿ ಅವರು ಹೇಳಿದಂತೆ ಪ್ರತಿ ಸಲವೂ 'ಸರಿ' ಎಂದು ಬರೆದಿದ್ದೆ. ಅಷ್ಟು ನೀಟಾದ ಅಕ್ಷರದಲ್ಲಿ ಅಷ್ಟು ಸುಳ್ಳನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

ಪೆರಾಕ್ಸೈಡ್ ನೊರೆಯೆದ್ದ ವಾರದ ಭಾನುವಾರ ದೇವದುರ್ಗಕ್ಕೆ ಹೋದೆ. ಜಾಲಹಳ್ಳಿಯ ಯಾರದೋ ಅಂಗಿಗಳು ಮೇಜಿನ ಮೇಲೆ ಕಾಜಾ ಇಲ್ಲದೆ ಬಿದ್ದಿದ್ದವು. ಕಾಕಾ ಯಂತ್ರದ ಹಿಂದೆ ಸುಮ್ಮನೆ ಕುಳಿತಿದ್ದರು. ಉಗುರುಗಳು ಕಪ್ಪಾಗಿ, ಎರಡು ಬುಡದಿಂದ ಎದ್ದಿದ್ದವು. ಅದನ್ನು ನಾನು ಹಿಂದೆಯೂ ನೋಡಿದ್ದೆ. ಅದರಾಚೆ ಏನಿದೆ ಎಂದು ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಳ್ಳಿ ಕಾಕಾ ಎಂದೆ. ಚಿಕ್ಕಂದಿನ ಆಟ ಎಂದುಕೊಂಡು ನಕ್ಕು ಮುಚ್ಚಿದರು. ಡಬ್ಬಿಯಿಂದ ಒಂದು ಗುಂಡಿ ತೆಗೆದು ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಒತ್ತಿದೆ. ಎಷ್ಟು ತೂತು ಎಂದು ಕೇಳಬೇಕೆಂದಿದ್ದೆ.

ಅವರು ಸ್ವಲ್ಪ ಹೊತ್ತು ಕಾದು, ಕಣ್ಣು ತೆರೆಯದೆಯೇ ಕೇಳಿದರು: "ಕೊಟ್ಟ್ಯಾ?"

ನನಗೆ ಬಂದದ್ದು ಅಳು ಅಲ್ಲ, ಸಿಟ್ಟು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡನೆಯ ಸುತ್ತಿನಿಂದ ಎಂದರು. ನಾನು ದನಿಯೇರಿಸಿ ಮಾತಾಡುವವಳಲ್ಲ. ಆ ದಿನ ಓಣಿಗೆಲ್ಲ ಕೇಳುವಂತೆ ಮಾತಾಡಿದೆ. ನಾನು ಯಾಕೆ ಬರುತ್ತೇನೆ, ರಜೆ ಹಾಕಿ ಆ ಬೆಂಚಿನ ಮೇಲೆ ಯಾಕೆ ಕೂರುತ್ತೇನೆ, ಆ ಡಾಕ್ಟರು ನಿಮ್ಮ ಬೀಗರೇ, ಆರಾಮ ಎಂದು ಹೇಳಿ ಮರ್ಯಾದೆ ಕಾಪಾಡಲು? ನಾನು ಮುಗಿಸುವವರೆಗೆ ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು. ಮೊದಲ ಸಲ ಪಕ್ಕದ ಹಾಸಿಗೆಯಲ್ಲಿದ್ದ ಒಬ್ಬಾತ ಕಾಲು ಜೋಮು ಹಿಡಿದಿದೆ ಎಂದು ಡಾಕ್ಟರಿಗೆ ಹೇಳಿದ್ದನಂತೆ. ಮುಂದಿನ ಸಲ ಆತ ಬರಲೇ ಇಲ್ಲ. ಔಷಧಿ ನಿಲ್ಲಿಸಿ ಮನೆಗೆ ಕಳಿಸಿದರು ಎಂದು ಯಾರೋ ಅಂದರಂತೆ.

"ಕೈ ಹೋದ್ರ ಮನಷ್ಯಾ ಉಳೀತಾನಲ್ಲ ಯವ್ವಾ. ಮನಷ್ಯಾನ ಹೋದ್ರ, ಬೆರಳ ಇಟ್ಗೊಂಡು ಏನ್ ಹೊಲೀಲಿ?"

ಐದನೆಯ ಸುತ್ತಿಗೆ ಹೋದಾಗ, ಅವರು ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರು ಹತ್ತಿಯ ಎಳೆಯಿಂದ ಅವರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಇದಕ್ಕ ಔಷಧಿ ಪೂರ್ತಿ ನಿಲ್ಲಿಸ್ಬೇಕಂತಿಲ್ರೀ. ಅಳತಿ ಕಡಿಮಿ ಮಾಡ್ತೀವಿ. ಎರಡ್ ಸುತ್ತಿನ ಹಿಂದ ಹೇಳಿದ್ರ ಕೈ ಇಷ್ಟ್ ಹೋಗ್ತಿದ್ದಿಲ್ಲ ಅನಸ್ತದ," ಎಂದರು. ಅಷ್ಟೇ. ಅಷ್ಟು ಸಣ್ಣ ಉತ್ತರಕ್ಕೆ ಹೆದರಿ ಅವರು ಬೆರಳುಗಳನ್ನು ಕೊಟ್ಟಿದ್ದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಕಾಕಾ ಅಂಗೈ ತಿರುಗಿಸಿ ನೋಡಿಕೊಳ್ಳುತ್ತ, ಅಳತಿ ಕಡಿಮಿ ಮಾಡ್ತಾರಂತ, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಆ ಬಿಸಿಲಲ್ಲೇ ಔಷಧಿ ಅಂಗಡಿಯ ಸಾಲಿಗೆ ಹೋಗಿ ನಿಂತೆ. ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ತಿಳಿಯಲಿಲ್ಲ. ನೋಟ್‌ಬುಕ್ಕನ್ನು ಆ ಸಂಜೆ ಹರಿದೆ.

ಹರಿದ ಮೇಲೆ ಇನ್ನೊಂದು ದಾರಿ ಬೇಕಿತ್ತು. ಅದು ಹೊಳೆದದ್ದು ಅವರ ಅಂಗಡಿಯಲ್ಲೇ, ಮೊಳೆಗೆ ಸಿಕ್ಕಿಸಿದ್ದ ಹಳೆಯ ಅಳತೆ ಚೀಟಿಗಳನ್ನು ನೋಡುತ್ತಿದ್ದಾಗ. ಮುಂದಿನ ಸಲಕ್ಕೆ ನೀವೇ ಒಂದು ಚೀಟಿ ಬರೆಯಿರಿ ಕಾಕಾ, ಬಟ್ಟೆಯ ಅಳತೆ ಬರೆದಂತೆ ನಿಮ್ಮ ಮೈಯ ಅಳತೆ ಬರೆಯಿರಿ, ನಾನು ಓದುವುದಿಲ್ಲ ಎಂದೆ.

"ಮಡಚಿ ಕೊಡ್ಲ್ಯಾ?"

"ಪಿನ್ ಹಚ್ಚಿ ಕೊಡ್ರಿ," ಎಂದೆ.

ಹಾಗೆ ಶುರುವಾಯಿತು. ಪೆನ್ನು ಬೆರಳಿಂದ ಜಾರುತ್ತದೆ ಎಂದು ಅದಕ್ಕೆ ಚಿಂದಿ ಸುತ್ತಿ ಹೆಬ್ಬೆರಳಷ್ಟು ದಪ್ಪ ಮಾಡಿಕೊಂಡು ಬರೆಯುತ್ತಿದ್ದರು. ಪಿನ್ನು ಚುಚ್ಚಲು ಬೆರಳು ಕೇಳುತ್ತಿರಲಿಲ್ಲ. ಓದಲು ಬಾರದ ಚಿಗವ್ವ ಪಿನ್ನು ಹಚ್ಚುತ್ತಿದ್ದರು. ಓದಲು ಬರುವ ನಾನು ಅದನ್ನು ಬಿಚ್ಚುತ್ತಿರಲಿಲ್ಲ. ಡಾಕ್ಟರ ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಮೊದಲ ಚೀಟಿ ಓದಿದ ದಿನ ಡಾಕ್ಟರು ಕಾಕಾನನ್ನು ಅರ್ಧ ಗಂಟೆ ಒಳಗೇ ಕೂರಿಸಿಕೊಂಡರು. ಹೊಸದಾಗಿ ಮೂರು ಮಾತ್ರೆ ಬಂದವು. ಒಂದು ವಾರದ ಮೇಲೆ ಚಿಗವ್ವ ಫೋನಿನಲ್ಲಿ, ಈಗ ರಾತ್ರಿ ಎರಡೇ ಸಲ ಏಳುತ್ತಾರೆ ಎಂದು ನನಗೆ ಹೇಳಿದರು. ಮೊದಲು ಎಷ್ಟು ಸಲ ಏಳುತ್ತಿದ್ದರು ಎಂದು ನಾನು ಆಗಲೂ ಕೇಳಲಿಲ್ಲ. ಪ್ರತಿ ಸಲ ಆಸ್ಪತ್ರೆಯಿಂದ ಹೊರಬೀಳುವಾಗ ಕಾಕಾ ಕೇಳುವುದು ಒಂದೇ: "ಪಿನ್ ತಂದ್ಯಾ?"

ಬೆರಳುಗಳು ಮರಳಿ ಬರಲಿಲ್ಲ. ಕಿಮೋ ಮುಗಿದು ಆರು ತಿಂಗಳಾದರೂ ತಮ್ಮ ಅಂಗಿಯ ಗುಂಡಿ ತಾವು ಹಾಕಿಕೊಳ್ಳಲಾಗಲಿಲ್ಲ. ಚಿಗವ್ವನನ್ನು ಎದುರು ಕೂರಿಸಿಕೊಂಡು ಕಾಜಾ ಕಲಿಸಿದರು. ಅದನ್ನು ಕಲಿಸುವುದು ಎನ್ನುವುದಕ್ಕಿಂತ ಜಗಳ ಎನ್ನಬೇಕು. "ಇದೇನ್ ಬೇ, ಕಾಜಾ ಹಾಕೀಯೋ, ಇಲಿ ಕಡದದೋ?" ಎನ್ನುವರು ಇವರು. "ನಿಮ್ಮ ಉಸ್ತಾದ್ ವರ್ಷಾ ತಗೊಂಡಾರ. ನನಗ ಎಂಟ್ ದಿನಾ ಆಗ್ಯಾದ," ಎನ್ನುವರು ಅವರು. ಮುಗಿದ ಕಾಜಾವನ್ನು ಕಾಕಾ ಬೆರಳಿಂದ ಮುಟ್ಟಿ ನೋಡುತ್ತಿರಲಿಲ್ಲ. ತುಟಿಗೆ ಒತ್ತಿ ನೋಡುತ್ತಿದ್ದರು, ಅಲ್ಲಿ ಮಾತ್ರ ಸ್ಪರ್ಶ ಉಳಿದಿತ್ತು. ಸರಿಯಿದ್ದರೆ ಅಂಗಿಯನ್ನು ಪಕ್ಕಕ್ಕೆ ಇಡುವರು. ಅದನ್ನು ನೋಡಿದಾಗಲೆಲ್ಲ ನನಗೆ ಆ ಎರಡು ಸುತ್ತು ನೆನಪಾಗಿ ಎದ್ದು ಹೊರಗೆ ಹೋಗುತ್ತಿದ್ದೆ. ಇಂದಿಗೂ ನನ್ನ ಸಿಟ್ಟು ತಣಿದಿಲ್ಲ. ಅದರಲ್ಲಿ ಅರ್ಧ ಅವರ ಮೇಲೆ. ಕಪ್ಪಾದ ಉಗುರು ಕಂಡೂ 'ಸರಿ' ಎಂದು ಬರೆದ ಕೈ ಮಾತ್ರ ನನ್ನದು.

ಕಾಯಿಲೆ ಮತ್ತೆ ಏರಿತು. ಮಂಗಳವಾರ ಆಸ್ಪತ್ರೆಗೆ ಬರಬೇಕಿತ್ತು. ಸೋಮವಾರ ಬೆಳಗಿನ ಜಾವ ತಮ್ಮ ಮನೆಯಲ್ಲೇ ಹೋದರು. ಮಧ್ಯಾಹ್ನ ಮಣ್ಣು ಮಾಡಿದೆವು. ಅವರಿಗೆ ಹಾಕಿದ ಬಿಳಿ ಅಂಗಿಯ ಕಾಜಾಗಳೆಲ್ಲ ಚಿಗವ್ವನವು. ಸಂಜೆ ಬಂದವರೆಲ್ಲ ಹೋದ ಮೇಲೆ ಚಿಗವ್ವ ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದುಕೊಟ್ಟರು. ನಾಲ್ಕು ಮಡಿಕೆ, ಒಂದು ಪಿನ್ನು.

"ನಾಳಿಂದು," ಎಂದರು. "ಐತವಾರನ ಬರದ್ ಇಟ್ಟಿದ್ರು."

ಅದನ್ನು ಬಿಚ್ಚದೆ ಚೀಲದಲ್ಲಿ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರಾಯಚೂರಿಗೆ ಬಂದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಒಳಗೆ ಹೋಗಿ, ಕಾಕಾ ನಿನ್ನೆ ಹೋದರು ಎಂದು ಡಾಕ್ಟರಿಗೆ ಹೇಳಿದೆ. ಚೀಟಿಯನ್ನು ಮೇಜಿನ ಮೇಲಿಟ್ಟು, ಇದನ್ನು ನೀವು ಓದಬೇಕು ಎಂದೆ. ಅವರು ಪಿನ್ನು ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಈ ಸಲ ನಾನು ಹೊರಗೆ ಹೋಗಲಿಲ್ಲ. ಆದರೂ ಕಿಟಕಿಯ ಕಡೆಗೇ ನೋಡುತ್ತಿದ್ದೆ. ಓದಿ ಮುಗಿಸಿ ಅವರು ಚೀಟಿಯನ್ನು ಕಾಕಾನ ಫೈಲಿನೊಳಗೆ ಇಟ್ಟರು. ನಾನು ಪಿನ್ನನ್ನು ಕೇಳಿ ತೆಗೆದುಕೊಂಡು, ಚೀಲದಲ್ಲಿದ್ದ ಲ್ಯಾಬ್ ಕೋಟಿನ ಒಳಮಗ್ಗುಲಿಗೆ ಚುಚ್ಚಿಕೊಂಡು, ಹತ್ತು ಗಂಟೆಯ ತರಗತಿಗೆ ಹೋದೆ.