ನನ್ನ ಓರಗಿತ್ತಿಯ ಅಂಕಣ

ನನ್ನ ಓರಗಿತ್ತಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಈ ಮಾತು ನನ್ನ ಬಾಯಿಂದ ಮತ್ತೆ ಬರುವುದು ಅನುಮಾನ. ನನ್ನ ಮೈದುನನನ್ನು ಮದುವೆಯಾಗುವ ಮೊದಲು ಅವಳು ಬಟ್ಟೆ ಹೊಲಿಯುತ್ತಿದ್ದಳು. ಈಗ ಹುಡುಗರ ಶಾಲೆಯೊಂದರಲ್ಲಿ ಕರಕುಶಲ ಕಲಿಸುತ್ತಾಳೆ, ಆದರೆ ಅಳತೆಯ ಟೇಪು ಇನ್ನೂ ಕೊರಳಲ್ಲೇ ಇರುತ್ತದೆ. ಬೆನ್ನ ಹಿಂದೆ ನಾನು ಅವಳನ್ನು ದರ್ಜಿ ಮಿಸ್ ಎನ್ನುತ್ತಿದ್ದೆ. ಅದು ಅವಳ ಕಿವಿಗೆ ಬಿದ್ದಾಗ ಬಿದ್ದು ಬಿದ್ದು ನಕ್ಕಳು. ಇಂಥವಳ ಜೊತೆ ನೆಟ್ಟಗೆ ಒಂದು ಜಗಳವನ್ನಾದರೂ ಆಡುವುದು ಹೇಗೆ?

ನಾನು ಹುಡುಗಿಯರ ಶಾಲೆಯಲ್ಲಿ ವಿಜ್ಞಾನದ ಟೀಚರ್. ಒಂಬತ್ತು ವರ್ಷದ ಹಿಂದೆ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ರೋಬೋಟ್ ಓಡಿಸಲು ಒಂದು ಅಂಕಣ ಮಾಡಿದೆ. ನೆಲಕ್ಕೆ ಪ್ಲೈವುಡ್ಡು, ನಾಲ್ಕು ಕಡೆ ಬೆರಳು ದಪ್ಪದ ಹಲಗೆ. ಮಕ್ಕಳು ಕಟ್ಟಿದ ರೋಬೋಟ್ ಈ ಕಡೆಯ ಹಲಗೆಗೆ ಬೆನ್ನು ಕೊಟ್ಟು ಹೊರಟು, ಆ ಕಡೆಯ ಹಲಗೆಯ ಬುಡದಲ್ಲಿ ಬಳಿದ ಕೆಂಪು ಚೌಕದೊಳಗೆ ನಿಲ್ಲಬೇಕು. ಚಕ್ರ ಎಷ್ಟು ಸುತ್ತು ತಿರುಗಬೇಕೆಂದು ಮೊದಲೇ ಲೆಕ್ಕ ಹಾಕಿ ಅದಕ್ಕೆ ಹೇಳಿಕೊಡಬೇಕು. ಬೇರೆ ಯಾವ ಶಾಲೆಯಲ್ಲೂ ಇಂಥದ್ದು ಇರಲಿಲ್ಲ. ಅಲ್ಲಿನ ಮೇಷ್ಟರುಗಳು ತಿಂಗಳಿಗೊಮ್ಮೆ ಬಂದು, "ಮಿಸ್, ನಮ್ಮ ಸರದಿ ಯಾವಾಗ?" ಎಂದು ಕೇಳುತ್ತಿದ್ದರು. ನಾನು ಡೈರಿ ತೆಗೆದು, ಬೇಕೆಂದೇ ನಿಧಾನವಾಗಿ ಹಾಳೆ ತಿರುವಿ, ಒಂದು ಗಂಟೆ ಕೊಡುತ್ತಿದ್ದೆ. ಆ ಹಾಳೆ ತಿರುವುವ ಸುಖ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು.

ಹಾಗೆಂದು ನಾವು ವರ್ಷಕ್ಕೊಮ್ಮೆ ನಡೆಯುವ ರೋಬೋಟ್ ಸ್ಪರ್ಧೆಯಲ್ಲಿ ಗೆದ್ದವರೇನಲ್ಲ. ಶಾಲೆಯಲ್ಲಿ ಚೆನ್ನಾಗಿ ಓಡಿದ್ದು ಅಲ್ಲಿ ಕೈಕೊಡುತ್ತಿತ್ತು. ಒಂದು ವರ್ಷ ಬ್ಯಾಟರಿಯನ್ನು ಬೈದೆ, ಒಂದು ವರ್ಷ ಅಲ್ಲಿನ ನೆಲವನ್ನು. ಹೋದ ವರ್ಷ ಬೈಯಲು ಬೇರೇನೂ ಸಿಗದೆ ತಂಡದ ನಾಯಕಿಯನ್ನು ಬೈದೆ, ಸುತ್ತಿನ ಲೆಕ್ಕ ನೀನೇ ಕೆಡಿಸಿದೆ ಎಂದು, ಎಲ್ಲರೆದುರು. ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಅತ್ತಳು. ಈ ವರ್ಷ ಶಾಲೆಯಲ್ಲಿ ಅವಳಿಗೆ ಕೊನೆಯದು. ಇನ್ನೊಂದು ಅವಕಾಶವಿಲ್ಲ.

ಅಷ್ಟರಲ್ಲಿ ನನ್ನ ಓರಗಿತ್ತಿಯ ತಲೆಗೆ ಹುಳ ಹೊಕ್ಕಿತು. ಮುಚ್ಚಿಹೋದ ಅಚ್ಚುಕೂಟದ ದೊಡ್ಡ ಕೋಣೆಯೊಂದನ್ನು ಅದರ ಯಜಮಾನನ ಹತ್ತಿರ ಕೇಳಿ ಪಡೆದಳು, ಊರಿನ ನಾಲ್ಕೂ ಶಾಲೆಯ ತಂಡಗಳು ಸೇರಿ ಅಭ್ಯಾಸ ಮಾಡುವಂಥ ಅಂಕಣ ಕಟ್ಟಲು. ನನ್ನ ಅಂಕಣವನ್ನು ಅಳೆದುಕೊಂಡು ಹೋಗಲು ಬಂದಾಗ ನಾನೇ ದೊಡ್ಡಮನಸ್ಸು ಮಾಡಿ ಅಳೆಯಲು ಬಿಟ್ಟೆ. ಆಮೇಲೆ ಇನ್ನೆರಡು ಸಲ ಶಾಲೆಗೆ ಬಂದಳು. ಇನ್ನೇನು ಜಂಬ ಕೊಚ್ಚಲು ಬಂದಿದ್ದಾಳೋ ಎಂದುಕೊಂಡು ಪುರುಸೊತ್ತಿಲ್ಲ ಎಂದು ಬಾಗಿಲಿಂದಲೇ ಕಳಿಸಿದೆ.

ಒಂಬತ್ತು ವರ್ಷದಲ್ಲಿ ನನ್ನ ಕೋಣೆಗೆ ಒಮ್ಮೆಯೂ ಕಾಲಿಡದ ನನ್ನ ಗಂಡ, ಅವಳ ಹಲಗೆಗಳನ್ನು ಹೆಗಲ ಮೇಲೆ ಹೊತ್ತ. ಮಂಡಿನೋವೆಂದು ಮನೆಯಲ್ಲಿ ಒಂದು ಲೋಟ ಎತ್ತಿಡದ ಅತ್ತೆ ಅಲ್ಲಿ ಹೋಗಿ ಕಸ ಗುಡಿಸಿ, ತಲೆತುಂಬ ಧೂಳು ಮಾಡಿಕೊಂಡು ಬಂದು, ಊಟಕ್ಕೆ ಕೂತಾಗಲೂ ಕಿರಿಸೊಸೆಯ ಗುಣಗಾನ ಮಾಡಿದರು. ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ಧಗಧಗ ಉರಿಯಿತು. ನನ್ನ ಡೈರಿಯ ಆ ತಿಂಗಳ ಹಾಳೆಗಳು ಖಾಲಿ ಉಳಿದವು.

ಅಂಕಣ ಸಿದ್ಧವಾದ ಮೇಲೆ, ಎಲ್ಲರೂ ಒಮ್ಮೆ ಓಡಿಸಿ ನೋಡಲಿ ಎಂದು ಹೇಳಿಕಳಿಸಿದಳು. ನಮ್ಮ ಹುಡುಗಿಯರನ್ನು ಕರೆದುಕೊಂಡು ಹೋದೆ. ನಮ್ಮ ರೋಬೋಟ್ ಅಲ್ಲಿ ಕೆಂಪು ಚೌಕಕ್ಕೆ ಎರಡು ಬೆರಳಿನಷ್ಟು ಹಿಂದೆಯೇ ನಿಂತುಬಿಟ್ಟಿತು. ಮತ್ತೆ ಬಿಟ್ಟರೂ ಅಷ್ಟೇ. ನಾಯಕಿಯ ಮುಖ ಸಣ್ಣಗಾಯಿತು. ನನಗೋ ಹಾಲು ಕುಡಿದಷ್ಟು ಸಂತೋಷ. ದರ್ಜಿ ಮಿಸ್ ಅಂಕಣವನ್ನು ಉದ್ದ ಮಾಡಿಬಿಟ್ಟಿದ್ದಾಳೆ! ಆವತ್ತು ಬಾಯಿ ಬಿಡಲಿಲ್ಲ. ಉದ್ಘಾಟನೆಯ ದಿನಕ್ಕೆ ಇಟ್ಟುಕೊಂಡೆ.

ಆ ದಿನ ನಾಲ್ಕು ಶಾಲೆಯ ಮಕ್ಕಳು, ಮೇಷ್ಟರುಗಳು, ಅಚ್ಚುಕೂಟದ ಯಜಮಾನ, ನಮ್ಮ ಮನೆಯವರೆಲ್ಲ ಸೇರಿದ್ದರು. ಎರಡು ಮಾತಾಡಿ ಎಂದು ನನ್ನನ್ನು ಕರೆದರು. ಚೀಲದಿಂದ ಉಕ್ಕಿನ ಟೇಪು ಮತ್ತು ಸ್ಪರ್ಧೆಯ ನಿಯಮದ ಪುಸ್ತಕ ತೆಗೆದೆ. ಮಕ್ಕಳ ಭವಿಷ್ಯದ ಪ್ರಶ್ನೆ, ಅಳತೆ ಒಮ್ಮೆ ನೋಡಿಬಿಡೋಣ ಎಂದೆ, ಬಹಳ ಮೃದುವಾಗಿ.

ಓರಗಿತ್ತಿ ಪಕ್ಕಕ್ಕೆ ಬಂದು ನನ್ನ ಕೈ ಹಿಡಿದಳು. "ಅಕ್ಕಾ, ಈಗ ಬೇಡ. ಆಮೇಲೆ ನಾವಿಬ್ರೇ ನೋಡೋಣ."

ಹೆದರಿದಳು ಎಂದುಕೊಂಡೆ. ಕೈ ಬಿಡಿಸಿಕೊಂಡು, ಟೇಪಿನ ಒಂದು ತುದಿಯನ್ನು ನಾಯಕಿಗೆ ಕೊಟ್ಟೆ. ಹಲಗೆಯ ಒಳಮೈಯಿಂದ ಒಳಮೈಗೆ ಹಿಡಿದು ಅವಳೇ ಗಟ್ಟಿಯಾಗಿ ಓದಿದಳು. ಪುಸ್ತಕದಲ್ಲಿ ಇದ್ದುದೂ ಅದೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಒಂಬತ್ತು ವರ್ಷದ ಹಿಂದೆ ನೆಲದ ಮೇಲೆ ಅಳತೆಯ ಗೆರೆ ಎಳೆದು, ಹಲಗೆಗಳನ್ನು ಆ ಗೆರೆಯ ಒಳಗಡೆ ನಿಲ್ಲಿಸಿ ಮೊಳೆ ಹೊಡೆದದ್ದು ನನಗೆ ಆಗ ನೆನಪಾಯಿತು. ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು. ಗಿಡ್ಡವಾಗಿದ್ದದ್ದು ನನ್ನ ಅಂಕಣ. ಅಲ್ಲಿ ಕಲಿತ ರೋಬೋಟ್ ಬೇರೆಲ್ಲಿ ಹೋದರೂ ಎರಡು ಬೆರಳು ಮೊದಲೇ ನಿಲ್ಲುತ್ತಿತ್ತು.

"ಟೇಪಿನ ತುದಿ ಸೊಟ್ಟಗಿದೆ ಅನ್ಸುತ್ತೆ, ಬಿಡಿ," ಎಂದಳು ಓರಗಿತ್ತಿ ಎಲ್ಲರಿಗೂ ಕೇಳುವಂತೆ. ನನ್ನ ಮಾನ ಉಳಿಸಲು! ಮೈಯೆಲ್ಲ ಉರಿಯಿತು. ಒಳ್ಳೆಯತನದಲ್ಲೂ ಇವಳೇ ಮುಂದೆ ಹೋಗಬೇಕೆ?

"ನಿನಗೆ ಮೊದಲೇ ಗೊತ್ತಿತ್ತಾ?" ಎಂದೆ.

"ನಿಮ್ಮದನ್ನ ಅಳೆದು ನಿಯಮದ ಪುಸ್ತಕದ ಜೊತೆ ತಾಳೆ ನೋಡಿದ ದಿನವೇ ಗೊತ್ತಾಯ್ತು ಅಕ್ಕಾ. ಹೊಲಿಯೋರಿಗೆ ಒಳ ಅಳತೆ, ಹೊರ ಅಳತೆ ಬೇಗ ಕಾಣುತ್ತೆ. ಹೇಳೋಣ ಅಂತ ಎರಡು ಸಲ ಬಂದಿದ್ದೆ."

ನಾಯಕಿ ಟೇಪು ಹಿಡಿದೇ ನಿಂತಿದ್ದಳು. "ಮಿಸ್, ಹಾಗಾದ್ರೆ ಹೋದ ವರ್ಷ ನಾನು ಲೆಕ್ಕ ತಪ್ಪಿರ್ಲಿಲ್ವಾ?"

ಸೊಟ್ಟ ತುದಿಯ ಸುಳ್ಳು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಓರಗಿತ್ತಿ ಅದನ್ನು ನನಗಾಗಿಯೇ ಇಟ್ಟುಕೊಟ್ಟಿದ್ದಳು.

"ಇಲ್ಲಮ್ಮಾ. ನಿನ್ನ ಲೆಕ್ಕ ಸರಿಯಿತ್ತು. ತಪ್ಪಿದ್ದು ನಾನು," ಎಂದೆ, ಹೋದ ವರ್ಷ ಬೈದಷ್ಟೇ ಗಟ್ಟಿಯಾಗಿ.

ಅವಳು ಅಳಲಿಲ್ಲ. ಟೇಪನ್ನು ಸುತ್ತಿ ನನ್ನ ಕೈಯಲ್ಲಿಟ್ಟಳು. ರೋಬೋಟನ್ನು ಎದೆಗವಚಿಕೊಂಡು ನನ್ನನ್ನು ದಾಟಿ ಓರಗಿತ್ತಿಯ ಮುಂದೆ ಹೋಗಿ ನಿಂತಳು.

"ಮಿಸ್, ನಮ್ಮ ಸರದಿ ಯಾವಾಗ?" ಎಂದು ಅವಳನ್ನು ಕೇಳಿದಳು.