ಗಾಳಿ ಹಿಡಿದ ಜೀಪು

ನಾನು ದನದ ಡಾಕ್ಟರು. ಅಂದು ಹಮ್ಮಿಗಿಯಲ್ಲಿ ಒಂದು ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿತ್ತು. ಮಳೆ ಬಿದ್ದ ಎರೆಮಣ್ಣಿನ ದಾರಿಯಲ್ಲಿ ನಾಲ್ಕೂ ಗಾಲಿ ತಿರುಗಿಸಿಕೊಂಡು ಹೋಗಬಲ್ಲದ್ದು ನನ್ನ ಹಳೇ ಡೀಸೆಲ್ ಜೀಪೊಂದೇ ಎಂಬ ಹೆಮ್ಮೆಯಲ್ಲಿ ಹೊರಟಿದ್ದೆ. ಊರು ಇನ್ನೊಂದು ಮೈಲಿ ಇರುವಾಗ ಅದು ಕೆಮ್ಮಿ ನಿಂತುಬಿಟ್ಟಿತು. ಬಾನೆಟ್ ಎತ್ತಿ ಎಷ್ಟು ತಡಕಾಡಿದರೂ ಚಾಲೂ ಆಗಲಿಲ್ಲ.

ಪಕ್ಕದ ಹೊಲದಲ್ಲಿ ಪಂಪ್‌ಸೆಟ್ಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ ಹುಸೇನಬಿ ಎಂಬ ಹೆಣ್ಣುಮಗಳು ನಟ್ಟು ಬಿಚ್ಚುವ ಪಾನಾ ಹಿಡಿದೇ ಬಂದರು.

"ಡೀಸೆಲ್ ಪೈಪಿನ್ಯಾಗ ಗಾಳಿ ಹಿಡದೈತ್ರಿ ಸಾಹೇಬ್ರ. ಸರೀರಿ, ನೋಡ್ತೀನಿ."

"ಇದು ಪಂಪ್‌ಸೆಟ್ ಅಲ್ಲವ್ವಾ, ಜೀಪು!"

"ಎರಡೂ ಕುಡಿಯೋದು ಡೀಸೆಲ್ ಹೌದಿಲ್ರಿ?"

ಮುಖ ಬಿಗಿದುಕೊಂಡು ಸರಿದು ನಿಂತೆ. ಅವರು ಫಿಲ್ಟರಿನ ಮೇಲಿನ ನಟ್ಟು ಸಡಿಲಿಸಿ ಕೈಪಂಪು ಒತ್ತಿದರು. ಬುಳುಬುಳು ಗುಳ್ಳೆ ಬಂದವು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ನಟ್ಟು ಬಿಗಿದರು.

"ಆತು, ಜಲ್ದಿ ಹೋಗ್ರಿ. ಆ ಎಮ್ಮಿ ಖಬರ ನಾನೂ ಕೇಳೇನಿ."

ಚಾವಿ ತಿರುಗಿಸಿದೆ, ಜೀಪು ಗುಡುಗಿತು. ಎಮ್ಮೆ, ಕರು ಎರಡೂ ಉಳಿದವು.

ಈಗ ಜೀಪಿಗೆ ಗಾಳಿ ಹಿಡಿದರೆ ನಾನೇ ಬಿಡಿಸುತ್ತೇನೆ. "ಇದನ್ನ ಎಲ್ಲಿ ಕಲತ್ರಿ?" ಎಂದು ಬೆಟಗೇರಿಯ ಮೆಕ್ಯಾನಿಕ್ ಬೆರಗಾಗಿ ಕೇಳಿದಾಗ, "ಅನುಭವ" ಎಂದೆ. ಯಾರ ಅನುಭವ ಅಂತ ಅವನು ಕೇಳಲಿಲ್ಲ.